ಹಳದಿ ಬೋರ್ಡಿನ ಸ್ಟೂಲು

ನನ್ನ ಹೆಂಡತಿಗೆ ಕಾಷನ್ನಿಗೂ ಡೇಂಜರಿಗೂ ಇರುವ ವ್ಯತ್ಯಾಸ ತಿಳಿಯದು. ಇದನ್ನು ನಾನು ಮಲಗಿದಲ್ಲಿಂದಲೇ ಘಂಟಾಘೋಷವಾಗಿ ಸಾರುತ್ತೇನೆ. (ಎದ್ದು ನಿಂತು ಸಾರಲು ಡಾಕ್ಟರು ಬಿಡುತ್ತಿಲ್ಲ.)

ಕಾರ್ಖಾನೆಯಲ್ಲಿ ಎಚ್ಚರಿಕೆಯ ಬೋರ್ಡು ತೂಗುಹಾಕುವುದೇ ನನ್ನ ಉದ್ಯೋಗವಾಗಿತ್ತು. ನೆಲ ಒದ್ದೆಯಿದ್ದರೆ ಹಳದಿ ಕಾಷನ್. ಕರೆಂಟಿನ ಪೆಟ್ಟಿಗೆ ಬಾಯ್ದೆರೆದಿದ್ದರೆ ಕೆಂಪು ಡೇಂಜರ್. ಎಚ್ಚರವಾಗಿದ್ದರೆ ಪಾರಾಗಬಹುದಾದದ್ದು ಕಾಷನ್. ಎಷ್ಟೇ ಎಚ್ಚರವಾಗಿದ್ದರೂ ಹತ್ತಿರ ಹೋದವನ ಕಥೆ ಮುಗಿಸುವಂಥದ್ದು ಡೇಂಜರ್. ನಾನು ಬೋರ್ಡು ಹಾಕಿದರೆ ಕಾರ್ಖಾನೆಯ ಇಲಿಗಳೂ ದಾರಿ ಬದಲಿಸುತ್ತಿದ್ದವು. ನಿವೃತ್ತನಾದಾಗ ಹಳೆಯ ಬೋರ್ಡುಗಳನ್ನೆಲ್ಲ ಮನೆಗೆ ತಂದೆ. ಬಚ್ಚಲಿಗೆ ಹಳದಿ, ಇಸ್ತ್ರಿಪೆಟ್ಟಿಗೆಗೆ ಹಳದಿ, ನಾದಿನಿ ಬಂದಾಗ ಕೂರುವ ಕುರ್ಚಿಗೆ... (ಬೇಡ, ಅವಳೂ ಇದನ್ನು ಓದುತ್ತಾಳೆ.)

ಜಗಳ ಹುಟ್ಟಿದ್ದು ಸ್ಟೂಲಿನಿಂದ. ನಾನೇ ಮರ ಕೊಯ್ದು, ನಾನೇ ಮೊಳೆ ಹೊಡೆದು ಮಾಡಿದ ಸ್ಟೂಲು. ಕೊಂಚ ಅಲ್ಲಾಡುತ್ತದೆ, ನಿಜ. ಭೂಮಿಯೇ ಗಿರಗಿರ ತಿರುಗುತ್ತಿರುವಾಗ ಬಡಪಾಯಿ ಸ್ಟೂಲು ಅಲ್ಲಾಡಬಾರದೇ? ಅದಕ್ಕೆ ಹಳದಿ ಬೋರ್ಡು ಕಟ್ಟಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಕೆಂಪು ಬೋರ್ಡು!

"ಯಾರೇ ಇದನ್ನ ಬದಲಾಯಿಸಿದ್ದು?"

"ನಾನೇ ರೀ. ಅದನ್ನ ಹತ್ತಿದೋರು ಉಳಿಯಲ್ಲ. ಗುಜರಿಯವನು ಬಂದ್ರೆ ಇವತ್ತೇ ಕೊಟ್ಬಿಡ್ತೀನಿ."

"ಮುಟ್ಟಿ ನೋಡು! ಇದು ಬರೀ ಕಾಷನ್ ಕಣೇ. ಎಚ್ಚರವಾಗಿದ್ರೆ ಆನೆನೂ ಹತ್ತಬಹುದು."

"ಆನೆಗೆ ಬುದ್ಧಿ ಇದೆ. ಹತ್ತಲ್ಲ."

ನನ್ನ ಪೌರುಷ ಕೆರಳಿತು. "ನಾನೇ ಹತ್ತಿ ತೋರಿಸ್ತೀನಿ. ಸ್ಟೂಲು ಮುರಿದ್ರೆ ಗುಜರಿಗೆ ಕೊಡು. ಮುರೀದಿದ್ರೆ ಇದು ಸಾಯೋತನಕ ಇಲ್ಲೇ ಇರುತ್ತೆ."

"ಯಾರು ಸಾಯೋತನಕ? ಹಿಡ್ಕೊಳ್ಳಲಾ?"

"ಹಿಡ್ಕೊಂಡ್ರೆ ಅದೆಂಥ ಪರೀಕ್ಷೆ! ದೂರ ನಿಲ್ಲು!"

ಹತ್ತಿದೆ. ಸ್ಟೂಲು ಕಮಕ್ ಕಿಮಕ್ ಎನ್ನಲಿಲ್ಲ. ಫ್ಯಾನಿನ ಧೂಳು ಒರೆಸಿದೆ. ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಎದೆಯುಬ್ಬಿಸಿದೆ. ಅಷ್ಟಕ್ಕೇ ಇಳಿದಿದ್ದರೆ ಚರಿತ್ರೆಯೇ ಬೇರೆಯಾಗುತ್ತಿತ್ತು. ಆದರೆ ವ್ಯತ್ಯಾಸವನ್ನು ಇನ್ನೊಮ್ಮೆ ವಿವರಿಸದೆ ಇಳಿಯುವುದು ಹೇಗೆ? ಅವಳತ್ತ ತಿರುಗಿ, ಬೆರಳೆತ್ತಿ, "ನೋಡು, ಕಾಷನ್ ಅಂದ್ರೆ..." ಎನ್ನುತ್ತ ಒಂದು ಹೆಜ್ಜೆ ಮುಂದಿಟ್ಟೆ.

ಅಲ್ಲಿ ಸ್ಟೂಲು ಇರಲಿಲ್ಲ.

ನಾನು ಬಿದ್ದ ಸದ್ದಿಗೆ ಪಕ್ಕದ ಬೀದಿಯಲ್ಲಿ ಮಲಗಿದ್ದ ನಾಯಿ, ತಾನೇನೋ ತಪ್ಪು ಮಾಡಿದೆನೆಂದು ಎದ್ದು ಬಾಲ ಮುದುರಿಕೊಂಡಿತಂತೆ.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಮಂಚದ ಮೇಲೆ ಒರಗಿದವನೇ ಕೇಳಿದೆ: "ಸ್ಟೂಲು ಮುರೀತಾ?"

"ಇಲ್ಲ. ಗುಂಡುಕಲ್ಲಿನ ಹಾಗಿದೆ."

"ನೋಡಿದ್ಯಾ! ಈಗ ಗೆದ್ದಿದ್ಯಾರು?"

"ನೀವೇ ರೀ. ಸ್ಟೂಲಿಗೆ ಹಳದೀನೇ ಸರಿ. ಕೆಂಪನ್ನ ನಾನೇ ತಪ್ಪು ಜಾಗಕ್ಕೆ ಹಾಕಿದ್ದೆ," ಎಂದವಳೇ ಡೇಂಜರ್ ಬೋರ್ಡನ್ನು ತಂದು ನನ್ನ ತಲೆಯ ಮೇಲಿನ ಮೊಳೆಗೆ ತೂಗುಹಾಕಿದಳು.

ಇರಲಿ, ನಾನು ಸೋತಿಲ್ಲ. ಆದರೆ ಬೋರ್ಡನ್ನು ಸೊಟ್ಟಗೆ ಹಾಕಿದ್ದಾಳೆ. ಜೀವಮಾನವೆಲ್ಲ ನೆಟ್ಟಗೆ ಬೋರ್ಡು ಹಾಕಿದವನು ಇದನ್ನು ನೋಡುತ್ತ ಸುಮ್ಮನೆ ಮಲಗುವುದುಂಟೇ? ಅವಳು ಅಡುಗೆಮನೆಯಲ್ಲಿದ್ದಾಳೆ. ಸ್ಟೂಲು ನನ್ನ ಕೈಗೆ ಎಟುಕುವಂತೆಯೇ ಇದೆ.