ಹೆಸರಿಗೆ ಮಾತ್ರ ಮೂವರು ಮಾಲೀಕರು

ಸರಕಾರ ಎಂತಹ ಷರತ್ತು ಹಾಕಿದರೂ ಅದನ್ನು ದಾಟಲು ಒಂದು ಸಹಿ ಸಾಕು ಎಂಬುದು ಗುತ್ತಿಗೆದಾರನಾದ ನನ್ನ ಅಚಲ ನಂಬಿಕೆಯಾಗಿತ್ತು.

ಪಣಂಬೂರಿನ ಸರಕಾರಿ ಹಾಸ್ಟೆಲ್ ಒಂದರ ದುರಸ್ತಿ ನನಗೆ ಸಿಕ್ಕಿತು. ಕೆಲಸದ ಒಂದು ಪಾಲನ್ನು ಮಹಿಳೆಯರು, ಅಲ್ಪಸಂಖ್ಯಾತರು ಮತ್ತು ಮಾಜಿ ಸೈನಿಕರು ನಡೆಸುವ ಸಂಸ್ಥೆಗಳಿಗೆ ಉಪಗುತ್ತಿಗೆ ಕೊಡಬೇಕೆಂದು ಟೆಂಡರಿನಲ್ಲಿತ್ತು. ಬೇರೆಯವರಾದರೆ ಊರೆಲ್ಲ ಹುಡುಕುತ್ತಿದ್ದರು. ನಾನು ಕೊಟ್ಟಾರದ ನಮ್ಮ ಓಣಿ ದಾಟಲಿಲ್ಲ! ಪೈಂಟಿಂಗ್ ನನ್ನ ಹೆಂಡತಿ ಶಶಿಕಲಾಳ ಹೆಸರಿಗೆ. ವಯರಿಂಗ್ ಪಕ್ಕದ ಮನೆಯ ಹಮೀದನಿಗೆ. ಬಿಜೈಯಲ್ಲಿ ಅವನದು ಇಲೆಕ್ಟ್ರಿಕ್ ಸಾಮಾನಿನ ಅಂಗಡಿ. ಕಂಪೌಂಡ್ ಗೋಡೆಯ ಕೆಲಸ, ಎದುರು ಮನೆಯಲ್ಲಿರುವ ಶಶಿಕಲಾಳ ಸೋದರಮಾವನಿಗೆ. ಅವರು ನಿವೃತ್ತ ಹವಾಲ್ದಾರ್.

"ಎಂತ ಇದು?" ಎಂದಳು ಶಶಿಕಲಾ, ಕಾಗದ ನೋಡಿ.

"ಒಂದು ಸಹಿ ಅಷ್ಟೇ ಮಾರಾಯ್ತಿ. ಕೆಲಸ ಎಲ್ಲ ನನ್ನ ಜನ ಮಾಡ್ತಾರೆ."

"ಹೆಸರು ನನ್ನದು, ಕೆಲಸ ನಿಮ್ಮದು. ಹಾಳಾದ್ರೆ?"

ಅಷ್ಟರಲ್ಲಿ ಕುಕ್ಕರ್ ಕೂಗಿತು. ಅದನ್ನೇ ಒಪ್ಪಿಗೆಯೆಂದು ಪರಿಗಣಿಸಿದೆ.

ಕೆಲಸ ಮುಕ್ಕಾಲು ಮುಗಿದಾಗ ಪತ್ರ ಬಂತು. ಅಧಿಕಾರಿ ತಪಾಸಣೆಗೆ ಬರುತ್ತಾರೆ, ಮೂವರೂ ಖುದ್ದಾಗಿ ಹಾಜರಿರಬೇಕು, ಹೆಸರಿಗೆ ಮಾತ್ರ ಮಾಲೀಕರೆಂದು ಕಂಡುಬಂದರೆ ನಾನು ಕಪ್ಪುಪಟ್ಟಿಗೆ! ಮೂವರನ್ನೂ ಕೂರಿಸಿ ಪಾಠ ಮಾಡಿದೆ.

"ಎಂತ ಕೇಳಿದ್ರೂ 'ಎಲ್ಲ ಸರಿ ಉಂಟು' ಅಂತ ಹೇಳಿ. ಬೇರೆ ಒಂದು ಶಬ್ದ ಬೇಡ."

"ನೋಡದೆ ಹೇಗೆ ಹೇಳುವುದು?" ಎಂದರು ಮಾವ. ಅದೂ ನ್ಯಾಯವೇ ಎಂದು ಉದಾರಮನಸ್ಸಿನಿಂದ ತಪಾಸಣೆಗೆ ಒಂದು ಗಂಟೆ ಮೊದಲೇ ಹಾಸ್ಟೆಲಿಗೆ ಕರೆದುಕೊಂಡು ಹೋಗಿ ಸುತ್ತಾಡಲು ಬಿಟ್ಟೆ. ಅದೇ ನಾನು ಮಾಡಿದ ಮಹಾಪರಾಧ.

ಅಧಿಕಾರಿ ಮೇಡಂ ಬಂದರು. "ಪೈಂಟಿಂಗ್ ಯಾರದು?"

"ನನ್ನದು ಮೇಡಂ. ಆದ್ರೆ ಈ ಗೋಡೆಯನ್ನು ನಾನು ಒಪ್ಪುವುದಿಲ್ಲ," ಎಂದಳು ಶಶಿಕಲಾ. "ಹಳೇ ಬಣ್ಣ ಕೆರೆಯದೆ ಮೇಲಿಂದ ಹೊಡ್ದಿದ್ದಾರೆ." ಉಗುರಿನಿಂದ ಗೀರಿದಳು. ತಟ್ಟೆಯಗಲದ ಬಣ್ಣದ ಹಕ್ಕಳೆ ಮೇಡಂ ಫೈಲಿನ ಮೇಲೆಯೇ ಬಿತ್ತು!

ಹಮೀದ್ ಸ್ವಿಚ್‌ಬೋರ್ಡು ಬಿಚ್ಚಿ ತೋರಿಸಿದ. "ಈ ವಯರು ನನ್ನ ಅಂಗಡಿಯದ್ದಲ್ಲ ಮೇಡಂ. ಬಟ್ಟೆ ಒಣಗಿಸ್ಲಿಕ್ಕೆ ಕೂಡ ನಾನು ಇದನ್ನು ಕೊಡುವುದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಬೇಜಾರು ಮಾಡ್ಬೇಡಿ ಸದಾನಂದಣ್ಣ, ಮಕ್ಕಳು ಮಲಗುವ ಜಾಗ," ಎಂದ.

ಮಾವ ದಾರಕ್ಕೆ ಕಲ್ಲು ಕಟ್ಟಿ ಕಂಪೌಂಡ್ ಗೋಡೆಗೆ ಇಳಿಬಿಟ್ಟಿದ್ದರು. "ಗೋಡೆ ಅಟೆನ್ಶನ್‌ನಲ್ಲಿ ನಿಲ್ಲಬೇಕು. ಇದು ಆರಾಮಾಗಿ ಒರಗಿದೆ. ಕೆಡವಿ!"

"ಹಾಗಾದರೆ ಇದನ್ನೆಲ್ಲ ಮಾಡಿಸಿದ್ದು ಯಾರು?" ಎಂದರು ಮೇಡಂ.

ಮೂರು ಬೆರಳುಗಳು ಏಕಕಾಲಕ್ಕೆ ನನ್ನತ್ತ ತಿರುಗಿದವು. ಇಷ್ಟೊಂದು ಒಗ್ಗಟ್ಟನ್ನು ನಾನು ನಮ್ಮ ಓಣಿಯಲ್ಲಿ ಎಂದೂ ಕಂಡಿರಲಿಲ್ಲ!

ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈ ಮೂವರಿಗೆ ಕೆಲಸ ಗೊತ್ತಿದೆ. ಹೆಸರಿಗೆ ಮಾತ್ರ ಇರುವವರು ನೀವೊಬ್ಬರೇ! ಇವರ ಕೈಯಿಂದಲೇ ಎಲ್ಲ ಹೊಸದಾಗಿ ಮಾಡಿಸಿ. ಹದಿನೈದು ದಿನ ಬಿಟ್ಟು ಬರ್ತೇನೆ. ಆಮೇಲೆ ಕಪ್ಪುಪಟ್ಟಿಯ ವಿಷಯ."

ಮರುದಿನದಿಂದ ಶಶಿಕಲಾ ನಾಲ್ವರು ಹೆಂಗಸರನ್ನು ಕಟ್ಟಿಕೊಂಡು ಸೈಟಿಗಿಳಿದಳು. ಒಂದು ಕೈ ಕಡಿಮೆ ಬಿತ್ತು. ಗೋಡೆ ಕೆರೆಯುವ ಅಲಗನ್ನು ನನ್ನ ಕೈಗಿಟ್ಟಳು.

ಹದಿನೈದನೇ ದಿನ ಮೇಡಂ ಬಂದರು. ಗೋಡೆ ನೆಟ್ಟಗಿತ್ತು, ವಯರು ಹೊಸದಿತ್ತು. ಏಣಿಯ ಮೇಲೆ ಸುಣ್ಣದ ಧೂಳಿನಲ್ಲಿ ಮಿಂದಿದ್ದ ನನ್ನ ಗುರುತು ಮಾತ್ರ ಅವರಿಗೆ ಹತ್ತಲಿಲ್ಲ.

"ನಿಮ್ಮ ಕೆಲಸದವರಲ್ಲಿ ಅಲ್ಪಸಂಖ್ಯಾತರು ಇದ್ದಾರಾ?" ಎಂದು ಶಶಿಕಲಾಳನ್ನು ಕೇಳಿದರು.

"ಏಣಿ ಮೇಲೆ ಇದ್ದಾರಲ್ಲ ಮೇಡಂ," ಎಂದಳು ಅವಳು. "ಮನೆಯಲ್ಲಿ ನಾನು, ಅತ್ತೆ, ಇಬ್ಬರು ಹೆಣ್ಣುಮಕ್ಕಳು. ಗಂಡಸು ಇವರು ಒಬ್ಬರೇ."

ಮೇಡಂ ಕತ್ತೆತ್ತಿ ನೋಡಿದರು. ಈಗ ಗುರುತು ಸಿಕ್ಕಿತು. ನಗು ತಡೆದುಕೊಂಡು, "ಹಾಗಾದರೆ ಇವರನ್ನು ಕೆಲಸದಿಂದ ತೆಗೀಬೇಡಿ," ಎಂದರು.

"ನೋಡುವಾ ಮೇಡಂ," ಎಂದಳು ನನ್ನ ಮಾಲಕಿ. "ಮೂಲೆ ಕೆರೆಯುವುದು ಇನ್ನೂ ಬರುವುದಿಲ್ಲ ಇವರಿಗೆ."

ನಾನು ಬೇಗ ಬೇಗ ಮೂಲೆ ಕೆರೆಯತೊಡಗಿದೆ!