ಹೆಬ್ಬಾತುಗಳಿಗೆ ಹಲಗಿ ಬಾರಿಸಿದ್ದು

ನನಗೆ ಬರೆದು ರೂಢಿಯಿಲ್ಲ. ನಡೆದದ್ದು ಚೆನ್ನಾಗಿತ್ತು, ಹೇಳುವುದು ಕೆಟ್ಟರೆ ಕ್ಷಮಿಸಬೇಕು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹಾನಗಲ್ಲ ತಾಲೂಕಿನಲ್ಲಿ ಶಾಲಾ ಮಾಸ್ತರ. ಪ್ರತಿ ಚಳಿಗಾಲ ಹುಬ್ಬಳ್ಳಿಯಿಂದ ನಾಲ್ಕೈದು ಜನ ಹಕ್ಕಿ ನೋಡಲು ಬರುತ್ತಿದ್ದರು. ದಾರಿ ತೋರಿಸುವವನು ನಾನು. ದಾರಿ ಎಂದರೆ ಕೆರೆಗಳ ದಾರಿ. ಹಕ್ಕಿಗಳ ಹೆಸರು ಅವರಿಗೇ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಹಕ್ಕಿ ಹುಡುಕಿ ಹೊರಟವರಿಗೆ ಮೊದಲು ಸಿಗುವುದು ಮನುಷ್ಯರೇ.

ಅವರಲ್ಲಿ ಹಿರಿಯರು ಒಬ್ಬ ನಿವೃತ್ತ ಮುಖ್ಯಾಧ್ಯಾಪಕಿ. ಎಲ್ಲರೂ 'ಅಕ್ಕೋರು' ಎನ್ನುತ್ತಿದ್ದರು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತನ್ನು ನೋಡುವ ಆಸೆ ಅವರದು. ಎರಡು ಸಲ ಬಂದು ಕಾಣದೆ ಹೋಗಿದ್ದರು. ಮೂರನೆಯ ಸಲ ಬಂದಾಗ ಕಣ್ಣು ಮಂಜಾಗಿತ್ತು.

"ಮಾಸ್ತರ, ಈ ಸಲ ಕಾಣಲಿಲ್ಲಂದ್ರ ಮುಂದ ನೀವು ತೋರಿಸಿದ್ರೂ ನನಗ ಕಾಣೂದಿಲ್ಲ," ಎಂದರು.

ತೋರಿಸುತ್ತೇನೆಂದು ಮಾತು ಕೊಟ್ಟೆ.

ಸವಣೂರಿನ ಮರ

ಸವಣೂರಿನ ಹೆಸರುವಾಸಿ ದೊಡ್ಡ ಮರಗಳ ಪೊಟರೆಯೊಂದರಲ್ಲಿ ಗೂಬೆ ಕೂತಿತ್ತು. ನಾವು ದುರ್ಬೀನು ಹಿಡಿದು ಮೇಲೆ ನೋಡುತ್ತಿದ್ದೆವು. ನಮ್ಮನ್ನು ನೋಡಿ ಒಬ್ಬ ನಿಂತ, ಅವನನ್ನು ನೋಡಿ ಇಪ್ಪತ್ತು ಜನ ನಿಂತರು. ವೀಳ್ಯದೆಲೆ ಮಾರುವವನೊಬ್ಬ ಕೇಳಿದ, "ಏನ್ ನೋಡಾಕತ್ತೀರಿ?"

"ಗೂಬಿ."

"ಗೂಬಿ ನೋಡಾಕ ಹುಬ್ಬಳ್ಳಿಯಿಂದ ಬಂದೀರಿ?" ಅವನು ಹತ್ತಿರ ಬಂದ. "ನಮ್ಮ ಮಾಳಗಿ ಮ್ಯಾಲೂ ಒಂದು ಕುಂತೈತ್ರಿ. ಹೋಗೂಮುಂದ ಅದನ್ನೂ ಕರಕೊಂಡ ಹೋಗ್ರಿ, ಪುಣ್ಯಾ ಬರ್ತೈತಿ."

ಶಿಗ್ಗಾವಿಯ ಬಸ್ಸು

ಶಿಗ್ಗಾವಿಯಿಂದ ಹಾನಗಲ್ಲಿಗೆ ಬರುವಾಗ ಅಕ್ಕೋರು ತಂತಿಯ ಮೇಲಿದ್ದ ನೀಲಕಂಠ ಹಕ್ಕಿಯನ್ನು ತೋರಿಸಿದರು. ಅದನ್ನು ಕಂಡರೆ ಶುಭವೆಂದು ನಂಬಿಕೆ. ಡ್ರೈವರ್ ಬಸ್ಸು ನಿಲ್ಲಿಸಿ ಕೈಮುಗಿದ. ಎರಡು ಮೈಲಿ ಹೋಗುವಷ್ಟರಲ್ಲಿ ಹಿಂದಿನ ಸೀಟಿನವನೊಬ್ಬ ಎದ್ದು, "ಇಲ್ಲೂ ಒಂದು ಹಕ್ಕಿ ಐತ್ರಿ, ನಿಲ್ಲಸ್ರಿ," ಎಂದ. ಬಸ್ಸು ನಿಂತಿತು. ಅವನು ಚೀಲ ಹೆಗಲಿಗೇರಿಸಿ ಇಳಿದು, ಬೇಲಿಯ ಮೇಲಿನ ಕಾಗೆಯನ್ನು ನಮಗೆ ತೋರಿಸಿ, ತನ್ನ ಹೊಲದ ಬದು ಹತ್ತಿ ಮನೆಗೆ ಹೋದ.

ತಿಳವಳ್ಳಿ ಹತ್ತಿರದ ಕೆರೆ

ಕೊನೆಯ ದಿನ. ಕೆರೆಯಲ್ಲಿ ಹೆಬ್ಬಾತು ಇಳಿದಿವೆ ಎಂದು ಸುದ್ದಿ ಬಂದಿತ್ತು. ಅಲ್ಲಿಯ ಗೌಡರಿಗೆ ಮುಂಚೆಯೇ ಚೀಟಿ ಕಳಿಸಿದ್ದೆ. ಅಕ್ಕೋರು ಎಷ್ಟು ದೊಡ್ಡವರು, ಎಷ್ಟು ಸಲ ಬಂದಿದ್ದಾರೆ, ಎಲ್ಲ ಎರಡು ಹಾಳೆ ತುಂಬ ಬಿಡಿಸಿ ಬರೆದಿದ್ದೆ. ಗದ್ದಲ ಮಾಡಬೇಡಿ ಎಂಬುದೊಂದನ್ನು ಬರೆದಿರಲಿಲ್ಲ.

ಹೆಬ್ಬಾತುಗಳು ಕೆರೆಯ ನಡುವೆ ಇದ್ದವು. ಅಕ್ಕೋರು ದುರ್ಬೀನು ತಿರುಗಿಸಿ ತಿರುಗಿಸಿ ನೋಡಿದರು. "ಬರೇ ಮಂಜು, ಮಾಸ್ತರ," ಎಂದು ಕೆಳಗಿಳಿಸಿದರು. ಅಷ್ಟರಲ್ಲಿ ಆಚೆ ದಂಡೆಯಲ್ಲಿ ಗೌಡರು ಹಾರ ಹಿಡಿದು ಕಾಣಿಸಿಕೊಂಡರು. ಅವರ ಹಿಂದೆ ನಾಲ್ಕು ಹಲಗಿ ವಾದ್ಯಗಳು ಒಮ್ಮೆಲೇ ಮೊಳಗಿದವು. ಕೆರೆಯ ಹಕ್ಕಿಗಳೆಲ್ಲ ಎದ್ದವು. ನಾನು ಕಣ್ಣು ಮುಚ್ಚಿಕೊಂಡೆ.

ತೆರೆದಾಗ ಹೆಬ್ಬಾತುಗಳು ನೇರ ನಮ್ಮತ್ತ, ಕೈಯೆತ್ತಿದರೆ ಸಿಗುವಷ್ಟು ಕೆಳಗೆ ಹಾರಿ ಬರುತ್ತಿದ್ದವು. ಅಕ್ಕೋರು ದುರ್ಬೀನಿಲ್ಲದೆ ನೋಡುತ್ತಿದ್ದರು. "ಎರಡು ಪಟ್ಟಿ," ಎಂದರು ಮೆಲ್ಲಗೆ. "ತಲಿ ಮ್ಯಾಲೆ ಎರಡು ಪಟ್ಟಿ." ಕಣ್ಣೊರೆಸಿಕೊಂಡರು.

ಗೌಡರು ಕೆರೆ ಸುತ್ತಿ ಏದುಸಿರು ಬಿಡುತ್ತ ಬಂದು, "ತಪ್ಪಾತ್ರಿ ಅಕ್ಕೋರ, ನೀವು ನೋಡೂದ್ರಾಗ ಹಕ್ಕಿ ಎದ್ದುಹೋದ್ವು," ಎಂದರು.

"ಇಷ್ಟು ವರ್ಷ ಸುಮ್ಮನ ಉಸುರು ಬಿಗಿ ಹಿಡದು ಕುಂತಿದ್ವಿ," ಎಂದರು ಅಕ್ಕೋರು. "ಮೊದಲೇ ಹಲಗಿ ತರಸಬೇಕಿತ್ತು."

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಹೆಬ್ಬಾತು ಭಾರದ ಹಕ್ಕಿ, ಗಾಳಿಗೆ ಎದುರಾಗಿಯೇ ಏಳುತ್ತದೆ. ಅಂದು ಗಾಳಿ ನಮ್ಮ ಬೆನ್ನ ಕಡೆಯಿಂದ ಬೀಸುತ್ತಿತ್ತು. ಅಂದರೆ ನಾವು ನಿಂತ ದಂಡೆ, ಹಲಗಿ ಇದ್ದ ದಂಡೆ, ಇವೆರಡರ ನಡುವೆ... ತಡೆಯಿರಿ, ಮನೆಯವಳು ಕೂಗುತ್ತಿದ್ದಾಳೆ.

"ಏನ್ರೀ, ಬರಕೋತ ಕುಂತ್ರ ಹೆಂಗ? ಅಂಗಳದಾಗ ಭತ್ತಕ್ಕ ಗುಬ್ಬಿ ಬಂದಾವು. ಬರೂಮುಂದ ತಾಟು ಹಿಡಕೊಂಡ ಬರ್ರಿ, ಬಡದ್ರನ ಹೋಗ್ತಾವು."