ಕಾವಲಿಗೆ ಕೂತವನ ನಿದ್ದೆ

ಎಲ್ಲಾ ಶುರುವಾಗಿದ್ದು ಎರಡು ಲಕೋಟೆಗಳಿಂದ. ನೀರು ಸರಬರಾಜು ಕಚೇರಿಯ ಟಪಾಲು ಗುಮಾಸ್ತನಿಗೆ ಮೂರು ವಾರದಿಂದ ನಿದ್ದೆ ಇರಲಿಲ್ಲ. ಉರಿಯುವ ಕಣ್ಣುಗಳಲ್ಲೇ ಎರಡು ಕಾಗದ ಮಡಚಿ ಎರಡು ಲಕೋಟೆಗೆ ತುರುಕಿದ, ಅದಲುಬದಲಾಯಿತು. ಪೈಪು ಸೋರುತ್ತಿದೆ ಎಂದು ದೂರು ಕೊಟ್ಟಿದ್ದ ಗೃಹಸ್ಥರಿಗೆ ‘ಗುಣವಾಗುವ ತನಕ ಚೆನ್ನಾಗಿ ವಿಶ್ರಾಂತಿ ಪಡೆಯಿರಿ’ ಎಂದು ಪತ್ರ ಹೋಯಿತು. ಮಂಡಿನೋವಿಗೆ ರಜೆ ಕೇಳಿದ್ದ ಮೀಟರ್ ರೀಡರಿಗೆ ‘ತೀರಾ ಹಳತಾಗಿ ತುಕ್ಕು ಹಿಡಿದಿರುವುದರಿಂದ ಗುರುವಾರ ಅಗೆದು ತೆಗೆದು ಹೊಸದನ್ನು ಹಾಕಲಾಗುವುದು’ ಎಂದು ಹೋಯಿತು. ಮಂಡಿನೋವಿನ ಆಸಾಮಿ ಕಚೇರಿಗೆ ಓಡಿಕೊಂಡೇ ಬಂದ.

ಸಾಹೇಬರು ಗುಮಾಸ್ತನನ್ನು ಒಳಗೆ ಕರೆದರು. “ನಾಳೆ ಸಂಜೆಯೊಳಗೆ ಮುನ್ನೂರು ನೋಟೀಸು ಹೋಗಬೇಕು. ಅದರಲ್ಲಿ ಒಂದು ತಪ್ಪಿದ್ರೂ ನಿಮ್ಮನ್ನ ಪಂಪ್‌ಹೌಸಿಗೆ ಹಾಕ್ತೀನಿ, ನೋಡಿ.”

ಪಂಪ್‌ಹೌಸು ಎಂದರೆ ಇಪ್ಪತ್ನಾಲ್ಕು ಗಂಟೆ ಮೋಟಾರಿನ ಆರ್ಭಟ. ಅಲ್ಲಿ ಕೆಲಸ ಮಾಡಿದವರು ಹೆಂಡತಿಯನ್ನು ‘ಊಟ ಆಯ್ತಾ?’ ಎಂದು ಕೇಳಿದರೆ ಪಕ್ಕದ ಬೀದಿಯವರು ‘ಆಯ್ತು’ ಅನ್ನುತ್ತಿದ್ದರು. ಇದ್ದಬದ್ದ ನಿದ್ದೆಗೂ ಅಲ್ಲಿ ಎಳ್ಳುನೀರು. ನಾಳೆಯೊಳಗೆ ಅರ್ಧ ಗಂಟೆಯಾದರೂ ಕಣ್ಣು ಮುಚ್ಚಲೇಬೇಕೆಂದು ಗುಮಾಸ್ತ ನಿರ್ಧರಿಸಿದ.

ನಿರ್ಧಾರ ಮಾಡಿದರೆ ಬರುವುದಕ್ಕೆ ನಿದ್ದೆಯೇನು ಸರ್ಕಾರಿ ಜೀಪೇ? ಬೆಳಿಗ್ಗೆ ಹಾಸಿಗೆಯ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದ ಗಂಡನನ್ನು ಹೆಂಡತಿ ವಿಚಾರಿಸಿಕೊಂಡಳು.

“ನೂರರಿಂದ ಹಿಂದಕ್ಕೆ ಎಣಿಸಿ ಅಂದಿದ್ದೆನಲ್ಲ, ಎಣಿಸಿದ್ರಾ?”

“ಎಣಿಸಿದೆ ಕಣೇ. ಅರವತ್ತಮೂರಕ್ಕೆ ಬಂದಾಗ ಅರವತ್ತನಾಲ್ಕು ಬಿಟ್ಟೆನೇನೋ ಅಂತ ಅನುಮಾನ ಬಂತು. ಮತ್ತೆ ಮೊದಲಿಂದ ತಾಳೆ ನೋಡಿದೆ.”

“ಎಷ್ಟು ಸಲ?”

“ಬೆಳಗಾಗೋವರೆಗೂ.”

ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಎದುರುಮನೆಯ ಟೈಲರು ಒಳಗೆ ನುಗ್ಗಿದ. ಪರರ ಕಷ್ಟ ಕಂಡರೆ ಅವನಿಗೆ ಕೈ ಸುಮ್ಮನಿರುತ್ತಿರಲಿಲ್ಲ. ಹಿಂದಿನ ದಿನ ಗುಮಾಸ್ತನ ಕತ್ತನ್ನು ಟೇಪಿನಿಂದ ನಾಲ್ಕು ಕಡೆ ಅಳೆದುಕೊಂಡು ಹೋಗಿದ್ದವನು ಈಗ ದಿಂಬು ಹೊಲಿದೇ ತಂದಿದ್ದ.

“ಸ್ವಾಮಿ, ನಿದ್ದೆ ಬರದೇ ಇರೋದು ದಿಂಬಿನ ದೋಷ. ಇದು ನಿಮ್ಮ ಕತ್ತಿನ ಅಳತೆಗೇ ಕಟ್ಟಿದ್ದು. ಇದರ ಮೇಲೆ ಬೇರೆಯವರು ಮಲಗಿದ್ರೆ ಕತ್ತು ಉಳುಕುತ್ತೆ!”

“ಈಗ ಆಫೀಸಿಗೆ ಹೊತ್ತಾಯ್ತಲ್ರೀ.”

“ಆಫೀಸಿಗೇ ತಗೊಂಡು ಹೋಗಿ. ನಾನೇನು ಬೇಡ ಅಂದ್ನಾ?”

ಗುಮಾಸ್ತ ದಿಂಬನ್ನು ಬಗಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದ. ಪಕ್ಕದಲ್ಲಿ ಕೂತ ದಪ್ಪನೆಯ ಮನುಷ್ಯ ಎರಡನೇ ನಿಲ್ದಾಣ ಬರುವುದರೊಳಗೆ ದಿಂಬಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯತೊಡಗಿದ. ಎಬ್ಬಿಸಲು ಮನಸ್ಸಾಗದೆ ಗುಮಾಸ್ತ ಕೊನೆಯ ನಿಲ್ದಾಣದವರೆಗೆ ಹೋಗಿ, ಅಲ್ಲಿಂದ ಮತ್ತೊಂದು ಬಸ್ಸಿನಲ್ಲಿ ವಾಪಸು ಬಂದ. ಆ ಮನುಷ್ಯನ ಕತ್ತು ಉಳುಕಿದ ಹಾಗೇನೂ ಕಾಣಲಿಲ್ಲ.

ಈ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಹಳೇ ಕಡತಗಳ ಕೋಣೆಗೆ ಹೋಗಿ ಅರ್ಧ ಗಂಟೆ ಅಡ್ಡಾಗುವುದು. ಒಬ್ಬರು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು, ಸಾಹೇಬರು ಬಂದರೆ ಕೆಮ್ಮುವುದು. ಕಾವಲಿನ ಸರದಿ ಮೊದಲು ದಿನಕ್ಕೊಬ್ಬರಿಗೆ ಬರುತ್ತಿತ್ತು. ಗುಮಾಸ್ತನಿಗೆ ನಿದ್ದೆ ಬರುತ್ತಿಲ್ಲ ಎಂದು ತಿಳಿದ ದಿನವೇ ಹೆಡ್ ಕ್ಲರ್ಕು ಸರದಿ ರದ್ದು ಮಾಡಿ ಸ್ಟೂಲನ್ನು ಅವನಿಗೇ ಕಾಯಂ ಮಾಡಿದ್ದರು. ಜೊತೆಗೆ ‘ಗೂಬೆ’ ಎಂಬ ಬಿರುದೂ ಸಿಕ್ಕಿತ್ತು.

“ಸಾರ್, ಇವತ್ತೊಂದು ದಿನ ನಾನು ಮಲಗ್ತೀನಿ,” ಎಂದು ಗುಮಾಸ್ತ ದಿಂಬು ತಬ್ಬಿಕೊಂಡು ಬೇಡಿಕೊಂಡ. “ಮುನ್ನೂರು ಕವರು ತುಂಬಬೇಕು. ಪಂಪ್‌ಹೌಸಿನ ವಿಷಯ ನಿಮಗೇ ಗೊತ್ತಲ್ಲ.”

“ಅಲ್ಲಯ್ಯ ಗೂಬೆ, ನೀನು ಮಲಗಿದ್ರೂ ನಿದ್ದೆ ಬರಲ್ಲ. ಸುಮ್ನೆ ಜಾಗ ಯಾಕೆ ಹಾಳು ಮಾಡ್ತೀಯ?” ಎಂದರು ಹೆಡ್ ಕ್ಲರ್ಕು.

ಟೈಪಿಸ್ಟ್ ಮೇಡಂ ಕರುಳು ಚುರುಕ್ಕೆಂದಿತು. “ಪಾಪ, ಮಲಗಲಿ ಬಿಡಿ ಸಾರ್. ಇವತ್ತು ನಾನು ಕೂತ್ಕೋತೀನಿ.”

ಗುಮಾಸ್ತ ಎರಡು ಕಪಾಟುಗಳ ನಡುವೆ ದಿಂಬು ಹಾಕಿ ಮಲಗಿದ. ಅವನನ್ನು ಮಲಗಿಸುವ ಜವಾಬ್ದಾರಿಯನ್ನು ಇಡೀ ಕಚೇರಿಯೇ ತಲೆಗೆ ಹಚ್ಚಿಕೊಂಡಿತು.

“ಎಡಗಡೆ ತಿರುಗು. ಉಸಿರು ಒಳಗೆ ಎಳ್ಕೋ... ಬಿಡು.”

“ಬಿಟ್ಟೆ ಸಾರ್.”

“ಅಷ್ಟು ಬೇಗ ಯಾಕೆ ಬಿಟ್ಟೆ? ಮತ್ತೆ ಎಳ್ಕೋ.”

“ಕಾಲಿನ ಹೆಬ್ಬೆರಳು ಸಡಿಲ ಬಿಡ್ರೀ,” ಎಂದರು ಬಾಗಿಲಿನಿಂದ ಮೇಡಂ.

“ಏನು, ನಿದ್ದೆ ಬಂತಾ?”

“ಇಲ್ಲ ಸಾರ್.”

“ಈಗ?”

ಹೀಗೆ ಹತ್ತು ನಿಮಿಷ ಅವನಿಗೆ ಉಸಿರಾಟ ಹೇಳಿಕೊಡುತ್ತ ಹೆಡ್ ಕ್ಲರ್ಕು ತಾವೇ ಒಂದು ಉಸಿರನ್ನು ಎಳೆದುಕೊಂಡವರು ಅದನ್ನು ಗೊರಕೆಯಾಗಿ ಬಿಟ್ಟರು. ಉಳಿದವರೂ ಒಬ್ಬೊಬ್ಬರಾಗಿ ಕಡತಗಳಿಗೆ ಒರಗಿಕೊಂಡರು. ಕೊನೆಗೆ ಬಾಗಿಲಿನ ಕಡೆಯಿಂದಲೂ ಸಣ್ಣಗೆ ಗೊರಕೆ ಕೇಳಿಸಿತು. ಗುಮಾಸ್ತ ತಲೆಯೆತ್ತಿ ನೋಡಿದ. ಸ್ಟೂಲಿನ ಮೇಲೆ ಟೈಪಿಸ್ಟ್ ಮೇಡಂ ಬಾಗಿಲ ಚೌಕಟ್ಟಿಗೆ ಒರಗಿ ಲೋಕವನ್ನೇ ಮರೆತಿದ್ದರು.

ಕಾವಲಿಗೆ ಯಾರೂ ಇಲ್ಲ! ಸಾಹೇಬರು ಬಂದರೆ ಎಲ್ಲರೂ ಸಿಕ್ಕಿಬೀಳುತ್ತಾರೆ, ಮೊದಲು ಪಂಪ್‌ಹೌಸಿಗೆ ಹೋಗುವವನು ತಾನೇ. ಮೆಲ್ಲಗೆ ಹೋಗಿ ಮೇಡಂ ಅವರನ್ನು ಎಬ್ಬಿಸಿ ಒಳಗೆ ಕಳಿಸಿದ. ಬೆನ್ನಿಗೆ ದಿಂಬು ಕೊಟ್ಟುಕೊಂಡು ಸ್ಟೂಲಿನ ಮೇಲೆ ಗಟ್ಟಿಯಾಗಿ ಕೂತ. ‘ಏನಾದರೂ ಆಗಲಿ, ಈಗ ಮಾತ್ರ ಕಣ್ಣು ಮುಚ್ಚಕೂಡದು’ ಎಂದು ಹಲ್ಲು ಕಚ್ಚಿಕೊಂಡ.

ಮೂರು ವಾರದಿಂದ ಬಾ ಬಾ ಎಂದರೂ ತಿರುಗಿ ನೋಡದಿದ್ದ ನಿದ್ದೆ, ಬರಬೇಡ ಎಂದದ್ದೇ ತಡ, ಬಂದು ಹೆಗಲೇರಿ ಕೂತಿತು. ಆಹಾ, ಎಂಥ ನಿದ್ದೆ! ಜೊಲ್ಲು ಅಂಗಿಯ ಎರಡನೇ ಗುಂಡಿಯವರೆಗೆ ಇಳಿಯಿತು.

ಎಷ್ಟು ಹೊತ್ತಾಯಿತೋ, ಕಣ್ಣು ಬಿಟ್ಟಾಗ ಎದುರಿಗೆ ಫಳಫಳ ಹೊಳೆಯುವ ಒಂದು ಜೊತೆ ಬೂಟು ಕಂಡಿತು. ಬೂಟಿನ ಮೇಲೆ ಸಾಹೇಬರಿದ್ದರು. ಗುಮಾಸ್ತನಿಗೆ ಕೆಮ್ಮಬೇಕೆಂದು ನೆನಪಾಯಿತು, ಆದರೆ ಗಂಟಲು ಒಣಗಿತ್ತು.

ಸಾಹೇಬರು ಕೋಣೆಯೊಳಗೆ ಇಣುಕಿದರು. ಗೊರಕೆಗಳನ್ನೆಲ್ಲ ಆಲಿಸಿದರು. ಆಮೇಲೆ ಗುಮಾಸ್ತನ ಕಿವಿಯ ಹತ್ತಿರ ಬಗ್ಗಿದರು.

“ಎಷ್ಟು ಹೊತ್ತಿಂದ ಮಲಗಿದ್ರಿ?”

“ತಪ್ಪಾಯ್ತು ಸಾರ್...”

“ಮೆಲ್ಲಗೆ ಮಾತಾಡ್ರೀ! ನಾನು ಹತ್ತು ನಿಮಿಷದಿಂದ ಇಲ್ಲೇ ನಿಂತು ನೋಡ್ತಿದೀನಿ. ಹೇಗ್ರೀ ಬಂತು ಇಂಥಾ ನಿದ್ದೆ?” ಸಾಹೇಬರ ದನಿ ಅಳುವ ಹಾಗಿತ್ತು. “ನನಗೆ ಮೂರು ತಿಂಗಳಾಯ್ತು, ಒಂದು ಗಳಿಗೆ ನಿದ್ದೆ ಇಲ್ಲ. ನೋಡದ ಡಾಕ್ಟರಿಲ್ಲ, ನುಂಗದ ಮಾತ್ರೆ ಇಲ್ಲ. ಅದಕ್ಕೇ ಎಲ್ಲರ ಮೇಲೂ ರೇಗ್ತೀನಿ.”

ಗುಮಾಸ್ತನಿಗೆ ಅಯ್ಯೋ ಅನ್ನಿಸಿತು. ಆ ಸಂಕಟ ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಕನಿಕರದ ಭರದಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟ. “ಮಲಗಿದ್ರೆ ಬರಲ್ಲ ಸಾರ್. ಈ ಸ್ಟೂಲ್ ಮೇಲೆ ಕೂತು, ಮಲಗಲೇಬಾರದು ಅಂದ್ಕೊಂಡ್ರೆ ತಾನಾಗೇ ಬರುತ್ತೆ.”

“ಏಳಿ ಹಾಗಾದ್ರೆ!”

ಸಾಹೇಬರು ಸ್ಟೂಲಿನ ಮೇಲೆ ಕೂತರು. ದಿಂಬಿಗೂ ಕೈಚಾಚಿದರು. “ನಾನು ಈಗ ನಿಮ್ಮನ್ನೆಲ್ಲ ಕಾಯ್ತಿದೀನಿ, ಮಲಗಲ್ಲ,” ಎಂದು ಕಣ್ಣರಳಿಸಿದರು. ಒಂದೇ ನಿಮಿಷಕ್ಕೆ ಕಣ್ಣು ಎಳೆಯತೊಡಗಿತು.

“ರೀ,” ಎಂದರು ಅರೆನಿದ್ದೆಯಲ್ಲಿ, “ನಿಮ್ಮನ್ನ ಪಂಪ್‌ಹೌಸಿಗೆ ಕಳಿಸಲ್ಲ. ದಿನಾ ಮಧ್ಯಾಹ್ನ ನೀವು ಇಲ್ಲೇ ಬೇಕು. ಮೇಲಿನ ಆಫೀಸಿಂದ ಯಾರಾದ್ರೂ ಬಂದ್ರೆ ಕೆಮ್ಮಬೇಕಲ್ಲ. ಹೇಗೂ ಎಚ್ಚರ ಇರ್ತೀರಿ, ನಿಂತ್ಕೊಂಡೇ ಆ ನೋಟೀಸು ತುಂಬಿ. ಸದ್ದು ಮಾತ್ರ ಆಗ್ಬಾರ್ದು.”

ಸಂಜೆ ಮನೆಗೆ ಬರಿಗೈಲಿ ಬಂದ ಗಂಡನನ್ನು ಹೆಂಡತಿ ಬಾಗಿಲಲ್ಲೇ ಕೇಳಿದಳು.

“ಕೊನೆಗೂ ಬಂತಾ ನಿದ್ದೆ?”

“ಬಂದಿತ್ತು ಕಣೇ,” ಎಂದ ಗುಮಾಸ್ತ ಚಪ್ಪಲಿ ಬಿಡುತ್ತ. “ಸಾಹೇಬರು ಇಸ್ಕೊಂಡ್ರು.”